ಉಂಟು

ಬೆಂಗ್ರೆಯವಳೆಂದು ಅವಳು ಹೇಳಬೇಕಾಗಿರಲಿಲ್ಲ.
ಫೆರಿಯ ನೀರು ಸೀರೆಯಂಚಿನಲ್ಲಿ
ಇನ್ನೂ ಆರಿರಲಿಲ್ಲ.

ನಾನು ಮೂರನೇ ಕಿಟಕಿ.
ತಲೆಯ ಮೇಲೆ ಬೋರ್ಡು: ವಿಚಾರಣೆ.
ಹನ್ನೊಂದು ವರ್ಷ, ವಿಚಾರಿಸಿದವರಿಗೆ
ವಿಚಾರಿಸಿದಷ್ಟೇ ಅಳೆದು ಕೊಟ್ಟಿದ್ದೇನೆ.
ಫೋಟೊ ಎರಡು. ಝೆರಾಕ್ಸ್ ಎದುರಿನ ಗೂಡಂಗಡಿಯಲ್ಲಿ.
ಸಾಹೇಬರು ಮೀಟಿಂಗಿನಲ್ಲಿ.
ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಸುಳ್ಳಿಲ್ಲ.

"ರೇಷನ್ ಕಾರ್ಡಿನಿಂದ ತಮ್ಮನ ಹೆಸರು ತೆಗೀಲಿಕ್ಕೆ
ಎಂಥ ಬೇಕು ಸಾರ್?"

ಭುವನೇಶ ಪುತ್ರನ್, ನಲವತ್ತೊಂದು.
ಟ್ರಾಲ್ ಬೋಟಿನ ವಿಂಚಿನ ರೋಪು ತುಂಡಾಗಿ
ಬೆನ್ನಿಗೆ ಬಾರಿಸಿದ ಮೇಲೆ
ಎರಡು ವರ್ಷ ನಾಲ್ಕು ತಿಂಗಳು ಮಲಗಿದಲ್ಲೇ.
ಅಕ್ಕ ಸುಗಂಧಿ ನಸುಕಿಗೇ ದಕ್ಕೆಗೆ ಹೋಗಬೇಕು,
ಬುಟ್ಟಿ ಹಿಡಿಯಬೇಕು. ಹಾಗಾಗಿ ಹೋಮ್ ನರ್ಸ್.
ದಿನಕ್ಕೆ ಎಂಟುನೂರು, ಊಟ ಬೇರೆ,
ಭಾನುವಾರ ರಜೆ.
ಇಷ್ಟನ್ನೂ ಕೇಳದೆಯೇ ಹೇಳಿದಳು.
ಹೇಳುವಾಗ ನೋಡಿದೆ:
ಬೆಂಡೋಲೆ ಇದ್ದಲ್ಲಿ ಈಗ
ಹಿಡಿಸೂಡಿ ಕಡ್ಡಿಯ ಚೂರು,
ತೂತು ಮುಚ್ಚದ ಹಾಗೆ.

ಯಾಕೋ, ಮೊದಲ ಬಾರಿ, ಬಾಯಿ ಮುಂದೆ ಹೋಯಿತು:
"ಆರೈಕೆ ಭತ್ಯೆಗೆ ಅರ್ಜಿ ಹಾಕಿರಲಿಲ್ವಾ?"

"ಹಾಗೆ ಉಂಟಾ?"

"ಉಂಟು."

ಎರಡಕ್ಷರ.
ಫ್ಯಾನಿನ ಗಾಳಿಗೆ ಕಾಗದಗಳು
ಪೇಪರ್‌ವೇಟಿನಡಿ ಒದ್ದಾಡುತ್ತಿದ್ದವು.
ಬೈದಿದ್ದರೆ ನನ್ನಲ್ಲಿ ಉತ್ತರವಿತ್ತು:
ನೀವು ಕೇಳಲಿಲ್ಲ.
ಬೈಯಲಿಲ್ಲ. ಮೀನಿನ ಲೆಕ್ಕ ಹಾಕುವವರ ಹಾಗೆ
ಬೆರಳ ಗೆಣ್ಣು ಮುಟ್ಟುತ್ತಾ ಅಂದಳು:
"ಅಂಗವಿಕಲರ ಕಾರ್ಡಿಗೆ ಒಮ್ಮೆ, ಅದರ ಸಹಿಗೆ ಒಮ್ಮೆ,
ಆಧಾರ್ ತಪ್ಪಾದದ್ದಕ್ಕೆ ಎರಡು ಸಲ.
ಇದೇ ಕಿಟಕಿ. ನೀವೇ ಇದ್ದದ್ದು.
ಉಂಟು ಅಂತ ಗೊತ್ತಿದ್ರೆ ಅಲ್ವಾ ಸಾರ್
ಉಂಟಾ ಅಂತ ಕೇಳುದು?"

ಹೆಸರು ತೆಗೆಯುವ ಫಾರಂ ಕೊಟ್ಟೆ. ಹೋದಳು.

ಮಧ್ಯಾಹ್ನ ಬುತ್ತಿ ಬಿಚ್ಚದೆ ಡ್ರಾಯರು ಎಳೆದೆ.
ಸುತ್ತೋಲೆ ಅಲ್ಲೇ ಇತ್ತು,
ಚಾ ಲೋಟದ ಉಂಗುರ ಬಿದ್ದು.
ನಾಲ್ಕನೇ ಪುಟ, ಏಳನೇ ಕಂಡಿಕೆ:
ಆರೈಕೆಯ ವೆಚ್ಚ ಭರಿಸುವ ಬಗೆಗಳ ಕುರಿತು,
ಕೋರಲಿ ಕೋರದಿರಲಿ,
ಕುಟುಂಬಕ್ಕೆ ಸಲಹೆ ನೀಡತಕ್ಕದ್ದು.

ತಕ್ಕದ್ದು.
ದಿನಕ್ಕೆ ನೂರು ಸಲ ಟೈಪು ಮಾಡುವ ಶಬ್ದ.
ಇವತ್ತೇ ಕಂಡದ್ದು,
ಅದರೊಳಗೆ ಅರ್ಧ ತಕ್ಕಡಿ ಇದೆ.
ಒಂದು ತಟ್ಟೆಯಲ್ಲಿ ಎರಡು ಬೆಂಡೋಲೆ.
ಇನ್ನೊಂದರಲ್ಲಿ ನನ್ನ
ಸುಳ್ಳಿಲ್ಲದ ಹನ್ನೊಂದು ವರ್ಷ.
ಯಾವುದು ಮೇಲೆ ಹೋಯಿತೆಂದು
ದಕ್ಕೆಯ ಯಾವ ಹೆಂಗಸೂ
ದೂರದಿಂದಲೇ ಹೇಳಿಯಾಳು.

ಈಗ ನಾಲ್ಕೂಕಾಲು.
ಕುಲಶೇಖರದ ಸ್ಟ್ಯಾನಿ ಮೊರಾಸ್,
ಮಗಳ ಇನ್‌ಕಮ್ ಸರ್ಟಿಫಿಕೇಟಿಗೆ.
ಹೇಳಿದೆ: ಫೋಟೊ ಎರಡು. ಝೆರಾಕ್ಸ್ ಎದುರಿನ ಗೂಡಂಗಡಿಯಲ್ಲಿ.
ಆಮೇಲೆ ಗಂಟಲು ಸರಿ ಮಾಡಿಕೊಂಡು,
"ಮನೆಯಲ್ಲಿ ಯಾರಾದ್ರೂ ಮಲಗಿದಲ್ಲೇ ಇದ್ದಾರಾ?"

"ಎಂಥ ಬಾಯಿ ಮಾರಾಯ್ರೆ ನಿಮ್ಮದು!
ಎಲ್ಲರೂ ನಡೆದಾಡ್ತಾ ಇದ್ದಾರೆ" ಎಂದವರು
ಒಂದು ಹೆಜ್ಜೆ ಹಿಂದೆ ಸರಿದರು.
ಅವರ ಬೆನ್ನಿಗೆ ನಿಂತಿದ್ದ ಹುಡುಗ ಮಾತ್ರ
ಫೋನಿನಿಂದ ತಲೆ ಎತ್ತಿದ.