ತೊಂಬತ್ತು ಮಂದಿ

ಈ ತರಗತಿಯ ನೆಲದಲ್ಲಿ ಬಾವಿಯಂಥ ಗುಂಡಿಗಳಿವೆ,
ಮೇಲೆ ದಪ್ಪ ಗಾಜು ಹಾಸಿದ್ದಾರೆ.
ಕೊವಿಲ್ಯಾ ಊರಿನ ಉಣ್ಣೆಗೆಲ್ಲ ಒಂದು ಕಾಲದಲ್ಲಿ
ಇಲ್ಲೇ ಬಣ್ಣ ಕುಡಿಸುತ್ತಿದ್ದರಂತೆ.
ನೀಲಿಯ ಗುಂಡಿಯ ಮೇಲೆ ನನ್ನ ಮೇಜು.

ಸಂಜೆ ಏಳಕ್ಕೆ ಪಾಠ. ದುಡಿದು ದಣಿದು ಬಂದವರು,
ಬೂಟಿನಡಿ ಎಸ್ತ್ರೆಲಾ ಬೆಟ್ಟದ ಹಿಮ ಹೊತ್ತವರು,
ಹೀಟರಿನ ಹತ್ತಿರಕ್ಕೆ ಬೆಂಚು ಎಳೆದುಕೊಂಡರು.
ನಾಲ್ಕು ಅಂಕಿ ಬರೆದೆ,
ಇನ್ನೂರು ವರ್ಷದಿಂದ ಮೇಷ್ಟರೆಲ್ಲ ಬರೆಯುವ ಅದೇ ನಾಲ್ಕು.

ಪೋರ್ಚುಗಲ್ಲಿನಲ್ಲಿ ದ್ರಾಕ್ಷಾರಸಕ್ಕೆ ವರ್ಷಕ್ಕೆ ಎಂಬತ್ತು ಮಂದಿ,
ಬಟ್ಟೆಗೆ ತೊಂಬತ್ತು.
ಇಂಗ್ಲೆಂಡಿನಲ್ಲಿ ಬಟ್ಟೆಗೆ ನೂರು,
ದ್ರಾಕ್ಷಾರಸಕ್ಕೆ ನೂರಿಪ್ಪತ್ತು.

"ನೋಡಿ, ಎರಡರಲ್ಲೂ ನಾವೇ ಜಾಣರು" ಅಂದೆ.
ಹಿಂದಿನ ಬೆಂಚು ಚಪ್ಪಾಳೆ ತಟ್ಟಿತು.
"ಆದರೂ ಮಗ್ಗ ಬಿಡಬೇಕು, ದ್ರಾಕ್ಷಿ ತುಳಿಯಬೇಕು.
ಜಾಣತನ ಎಲ್ಲಿ ಹೆಚ್ಚು ಹರಿತವೋ ಅಲ್ಲಿ ಕೈಯಿಡಿ,
ಉಳಿದದ್ದನ್ನು ಹಡಗು ತರುತ್ತದೆ.
ಅವರಿಗೂ ಲಾಭ, ನಮಗೂ ಲಾಭ."
ಈ ಮಾತು ಆಡುವಾಗ ಪ್ರತಿ ಸಲವೂ
ಎಲ್ಲೋ ಬೀಗ ತೆರೆದ ಸದ್ದು ಕೇಳುತ್ತದೆ ನನಗೆ,
ಅಷ್ಟು ಸಲೀಸು.

ಝುಲ್ಮೀರಾ ಕೈ ಎತ್ತಿದಳು.
ಅರವತ್ತೊಂದು ದಾಟಿದವಳು, ಹಗಲೆಲ್ಲ
ಆಸ್ಪತ್ರೆಯ ಚಾದರ ಒಗೆಸುವವಳು.
ಅದಕ್ಕೂ ಮುಂಚೆ, ಗಿರಣಿಗೆ ಬಾಗಿಲು ಬೀಳುವ ತನಕ,
ನೇಯ್ದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು
ತಪ್ಪಿದ ಎಳೆಯನ್ನು ಹುಡುಕಿ
ಸೂಜಿಯಿಂದ ತುಂಬುತ್ತಿದ್ದವಳು.

"ಆ ತೊಂಬತ್ತರಲ್ಲಿ
ನಾನು ಎಷ್ಟನೆಯವಳು, ಮೇಷ್ಟ್ರೇ?"

"ಅದು... ಲೆಕ್ಕದ ಅನುಕೂಲಕ್ಕೆ.
ಬಟ್ಟೆ ಬಿಟ್ಟವರು ದ್ರಾಕ್ಷಿತೋಟಕ್ಕೆ ಹೋಗುತ್ತಾರೆ ಅಂತ
ಊಹಿಸಿಕೊಳ್ಳುತ್ತೇವೆ."

"ಯಾವ ಬಸ್ಸಿಗೆ?"

ಯಾರೂ ನಗಲಿಲ್ಲ. ಹೀಟರು ಮಾತ್ರ
ಟಿಕ್ ಟಿಕ್ ಅಂತ ಎಣಿಸುತ್ತಿತ್ತು.

ಲಾರಿಯ ಬಲ್ತಝಾರ್ ನನ್ನ ಪಾಡು ನೋಡಲಾರದೆ ಎದ್ದ:
"ನಾನು ಇಲ್ಲಿಂದ ಬಿಸ್ಕತ್ತು ತುಂಬಿ
ಗಡಿ ದಾಟಿ ಸಲಮಾಂಕಾದಲ್ಲಿ ಇಳಿಸುತ್ತೇನೆ.
ಅಲ್ಲಿಂದ ಏನು ತರುತ್ತೇನೆ ಹೇಳಿ? ಬಿಸ್ಕತ್ತು!
ದಾರಿಯಲ್ಲಿ ಎದುರಾಗುವ ಸ್ಪೇನಿನವನೂ ಬಿಸ್ಕತ್ತೇ.
ಇಬ್ಬರೂ ದೀಪ ಮಿಟುಕಿಸಿ ನಗುತ್ತೇವೆ.
ಇದು ಯಾವ ಜಾಣತನ?"

"ಇದು ನಾಲಿಗೆಯ ಸಿದ್ಧಾಂತ" ಅಂದೆ, ಜೀವ ಬಂದಂತಾಗಿ.
"ಒಂದೇ ರುಚಿ ಸಾಕೆನ್ನುವ ನಾಲಿಗೆ ಹುಟ್ಟಿಲ್ಲ.
ಇನ್ನೂ ಇವೆ: ಇದ್ದವರು ಇದ್ದದ್ದನ್ನು ಮಾರುತ್ತಾರೆ,
ಬಿಸಿಲಿದ್ದವರು ಬಿಸಿಲು, ತೋಳಿದ್ದವರು ತೋಳು.
ಹತ್ತಿರದ ಊರುಗಳು ಗ್ರಹಗಳಂತೆ
ಒಂದನ್ನೊಂದು ಎಳೆಯುತ್ತವೆ..."
ಗಂಟೆ ಒಂಬತ್ತು. ಬೆಂಚುಗಳು ಆಗಲೇ
ಕೋಟು ತೊಡುತ್ತಿದ್ದವು.

ಬೋರ್ಡು ಒರೆಸಿದೆ. ಉಳಿದ ಮೂರೂ ಹೋದವು.
ತೊಂಬತ್ತರ ಸೊನ್ನೆ ಮಾತ್ರ
ಕಾಲಡಿಯ ಗುಂಡಿಯಂತೆ ದುಂಡಗೆ ಉಳಿಯಿತು.
ಒತ್ತಿ ಒರೆಸಿದೆ, ಇನ್ನಷ್ಟು ಹರಡಿತು.

ತಿರುಗಿದರೆ ಝುಲ್ಮೀರಾ, ನನ್ನ ತೋಳು ಹಿಡಿದು
ಕೋಟಿನ ಬಟ್ಟೆಯನ್ನು ದೀಪಕ್ಕೆ ಎತ್ತಿದ್ದಾಳೆ.
ಒಳಗಿನ ಚೀಟಿಯಲ್ಲಿ ಢಾಕಾ ಎಂದಿತ್ತು,
ಅದರತ್ತ ಅವಳು ನೋಡಲಿಲ್ಲ.
"ಇಲ್ಲಿ ಒಂದೆಳೆ ಬಿಟ್ಟಿದ್ದಾಳೆ. ಪಾಪ,
ಅವಸರದಲ್ಲಿದ್ದಳು" ಅಂದಳು,
ಪಕ್ಕದ ಮನೆಯ ಹುಡುಗಿಯ ಬಗ್ಗೆ ಹೇಳುವಂತೆ.

ಚೀಲದಿಂದ ಸೂಜಿ ಬಂತು.
ನಾನು ನಿಂತೇ ಇದ್ದೆ, ಒಂದು ಕೈ ಕೋಟಿನೊಳಗೆ, ಒಂದು ಹೊರಗೆ,
ಅಳತೆ ಕೊಡುವ ಮಗುವಿನ ಹಾಗೆ.
ಮೇಲೊಂದು ಕೆಳಗೊಂದು, ಮೇಲೊಂದು ಕೆಳಗೊಂದು.
ಹಲ್ಲಿನಲ್ಲಿ ದಾರ ಕಡಿದಳು.

"ಎಷ್ಟು ಕೊಡಲಿ?"

"ಒಂದು ಕಾಫಿ ಕುಡಿಸಿ" ಅಂದಳು,
"ಈ ಬೆಟ್ಟದಲ್ಲಿ ಅದು ಬೆಳೆಯುವುದಿಲ್ಲವಲ್ಲ."