ಏಳರ ಕೆಳಗೆ ಇಪ್ಪತ್ತೆರಡು

ಅರಸೀಕೆರೆಯ ಸರ್ಕಾರಿ ಜೂನಿಯರ್ ಕಾಲೇಜು.
ಲ್ಯಾಬಿನಲ್ಲಿ ಹನ್ನೊಂದು ಕಂಪ್ಯೂಟರು, ಏಳಕ್ಕೆ ಜೀವ.
ಬೇಕಿದ್ದುದು ಗೋಡೆಗೆ ಅಂಟಿಸಲೊಂದು ಪಟ್ಟಿ:
ಕೋನ, ಅದರ ಸೈನು, ಅದರ ಕಾಸು.

ಪೈಯನ್ನು ನಾಲ್ಕರಿಂದ ಭಾಗಿಸು ಅಂದೆ.
ಎಕ್ಸೆಲ್ ಭಾಗಿಸಿತು, ವಿಧೇಯ,
0.785398163
ಎಂದು ಚೌಕದ ತುಂಬ ಚೆಲ್ಲಿತು.

"ಮಿಸ್, ಪೈ ಎಲ್ಲಿ ಹೋಯ್ತು?"
ಮಿಸ್ಬಾ ಕೇಳಿದಳು, ಕಾಲು ಮುರಿದ ಸ್ಟೂಲಿನಿಂದ.
ಕರಗಿಹೋಯ್ತಮ್ಮ.
ಚಹಾ ಕಲಕಿದ ಮೇಲೆ ಸಕ್ಕರೆ ತೋರಿಸು ಅಂದರೆ
ಯಾರು ತೋರಿಸಲಿ?

ತೋರಿಸಲೇಬೇಕು ಅನ್ನಿಸಿತು, ಆದರೂ.
ಬಂದ ಉತ್ತರವನ್ನು ಮತ್ತೆ ಪೈಯಿಂದ ಭಾಗಿಸಿ
ಉಳಿದದ್ದಕ್ಕೆ ಭಿನ್ನರಾಶಿಯ ಅಂಗಿ ತೊಡಿಸಿದೆ:
ಒಂದು ಪ್ರಶ್ನೆಚಿಹ್ನೆ, ಓರೆಗೆರೆ, ಎರಡು ಪ್ರಶ್ನೆಚಿಹ್ನೆ,
ಕೊನೆಗೆ ಉದ್ಧರಣದ ಕೊಕ್ಕೆಗಳ ನಡುವೆ
ಆ ಎರಡು ಕಾಲಿನ, ಒಂದು ಸೂರಿನ ಅಕ್ಷರ.
ಚೌಕದ ಮೂಲೆ ಹಿಡಿದು ಕೆಳಕ್ಕೆ ಎಳೆದರೆ
ಸರಸರ ಇಳಿದವು
1/6π
1/4π
1/3π
1/2π
2/3π
3/4π

ಕಾಲು ಪೈ, ಅರೆ ಪೈ, ಮುಕ್ಕಾಲು ಪೈ,
ಗಟ್ಟಿಯಾಗಿ ಓದುತ್ತ ಓದುತ್ತ ನೆನಪಾದರು
ಕೊಬ್ಬರಿ ಮಂಡಿಯ ಗುಮಾಸ್ತ, ನನ್ನ ತಾತ ಕಲ್ಲೇಶಯ್ಯ.
ಕೆಂಪು ಬಟ್ಟೆಯ ಕಿರ್ದಿ ಪುಸ್ತಕ,
ಮೂರು ಖಾನೆ: ರೂಪಾಯಿ, ಆಣೆ, ಪೈ.
ನಯಾ ಪೈಸೆ ಬಂದು ಎಷ್ಟೋ ವರ್ಷವಾದರೂ
ಮೂರನೆಯ ಗೆರೆ ಎಳೆದು ಖಾಲಿ ಬಿಡುತ್ತಿದ್ದರಂತೆ;
ಇರಲಿ, ಬಂದರೆ ಕೂರಲು ಜಾಗ ಬೇಕಲ್ಲ.
ಆ ಪೈಗೂ ಈ ಪೈಗೂ ನಂಟಿಲ್ಲ, ಗೊತ್ತು.
ಹನ್ನೆರಡು ಪೈ ಕೂಡಿದರೆ ತಾತನಿಗೆ ಒಂದಾಣೆ,
ನನಗೆ ಆರು ಸುತ್ತು, ಹೊರಟಲ್ಲೇ ಬಂದು ನಿಂತದ್ದು.

ಅಷ್ಟರಲ್ಲಿ ಮಿಸ್ಬಾ ಕೊನೆಯ ಚೌಕಕ್ಕೆ
ಸುಮ್ಮನೆ ಒಂದು ಕೊಟ್ಟಳು. ಬರಿಯ ಒಂದು ರೇಡಿಯನ್.
ರೆಪ್ಪೆ ಬಡಿಯದೆ ಬಂತು:
7/22π

"ಅಯ್ಯೋ ಮಿಸ್, ಏಳನೇ ಕ್ಲಾಸಿನ ಪೈ!
ಶೀರ್ಷಾಸನ ಹಾಕಿದೆ!"
ತಡೆಯಲಾರದೆ ನಾನೂ ನಕ್ಕೆ.
ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ತೋರಿಸಿದೆ:
ಇಪ್ಪತ್ತೆರಡು ಬೈ ಏಳು ಎಂಬ ನಮ್ಮ ಹಳೆಯ ಸುಳ್ಳು
ತಲೆಕೆಳಗಾಗಿ, ನಿಜದ ಪೈಯೊಂದಿಗೆ ಗುಣಿಸಿಕೊಂಡು
ಹತ್ತಿರ ಹತ್ತಿರ ಒಂದಾಗಿ ಕೂತಿದೆ.
ಒಂದು, ಪೈಯ ಯಾವ ಭಿನ್ನವೂ ಅಲ್ಲ.
ಎಷ್ಟು ಉದ್ದದ ಛೇದ ಬರೆದರೂ ಅಲ್ಲ.
ಚೌಕಕ್ಕೆ ಹಾಗನ್ನಲು ಬಾರದು,
ಇಲ್ಲ ಎನ್ನುವ ಅಂಗಿ ನಾನು ಹೊಲಿದಿರಲಿಲ್ಲ.
ಕಿಟಕಿಯಾಚೆ ಜಂಕ್ಷನ್ನಿನ ಮೈಕು:
ಹುಬ್ಬಳ್ಳಿ ಗಾಡಿ ನಲವತ್ತು ನಿಮಿಷ ತಡ.
ಅದೂ ಅಂಥದೇ ಒಂದು ನಲವತ್ತು.

ಹುಳಿಯಾರು ರಸ್ತೆಯಲ್ಲಿ ಅವಳಪ್ಪನ ವೆಲ್ಡಿಂಗ್ ಶಾಪು.
ಅಲ್ಲಿ ಆಂಗಲ್ ಅಂದರೆ ಕಬ್ಬಿಣ, ಕೆಜಿಗಿಷ್ಟು.
ಗೇಟಿನ ಮೂಲೆಗೆ ಮೂಲೆಮಟ್ಟ ಒತ್ತಿ
ಒಂದು ಕಣ್ಣು ಮುಚ್ಚುತ್ತಾರಂತೆ;
ಸಂದಿಯಲ್ಲಿ ಬೆಳಕು ಕಂಡರೆ ಮತ್ತೆ ಉಜ್ಜು.
"ಮೂಲೆಮಟ್ಟಾನೂ ನಂಬಲ್ಲ ಅಬ್ಬಾ,
ಅದನ್ನೂ ಮಗುಚಿಟ್ಟು ನೋಡ್ತಾರೆ ಮಿಸ್."

ಹಾಗಂದವಳೇ ಪಕ್ಕದಲ್ಲಿ ಹೊಸ ಖಾನೆ ತೆರೆದಳು,
ತಲೆಬರಹ: ಬೆಳಕು.
ತೋರಿಸಿದ್ದನ್ನು ಪೈಯಿಂದ ಗುಣಿಸಿ, ಇದ್ದದ್ದರಿಂದ ಕಳೆ.
ಸೊನ್ನೆ, ಸೊನ್ನೆ, ಸೊನ್ನೆ, ಸಾಲಾಗಿ ಸೊನ್ನೆ,
ಕಡೆಯಲ್ಲಿ 0.0004.
ಕೂದಲೆಳೆಯಷ್ಟು. ಬಂದಿತ್ತು ಬೆಳಕು.

ತಾತನಿದ್ದಿದ್ದರೆ ಆ ನಾಲ್ಕನ್ನು ಹುಡುಕಿಕೊಂಡು
ರಾತ್ರಿಯಿಡೀ ಕಂದೀಲು ಉರಿಸುತ್ತಿದ್ದರು.

ಪ್ರಿಂಟರಿಗೆ ಮಸಿ ತುಂಬಿಸಿ ಎರಡು ವರ್ಷ.
ಹಾಳೆಯಲ್ಲಿ ಪೈಗಳಿಗೆ ಸೂರೇ ಮೂಡಲಿಲ್ಲ,
ಬರೀ ಕಾಲು.
ಬೆಲ್ಲು ಹೊಡೆದರೂ ಏಳದೆ, ಕಪ್ಪು ಪೆನ್ನಿನಲ್ಲಿ
ಒಂದೊಂದಕ್ಕೂ ಸೂರು ಎಳೆದಳು ಮಿಸ್ಬಾ,
ಕೊನೆಯ ಸಾಲಿನದೊಂದನ್ನು ಬಿಟ್ಟು.