ಹಿಡಿಯ ಲೆಕ್ಕ

ಶನಿವಾರ ಮಧ್ಯಾಹ್ನ ನಮ್ಮ ಮಿಜೋ ಊರು
ಒಂದೊಂದೇ ಮೆಟ್ಟಿಲಾಗಿ ನನ್ನ ಮೊಣಕಾಲಿಗೆ ಸಿಗುತ್ತದೆ.
ಬೆನ್ನಿಗೆ ಬುಟ್ಟಿ, ಹಣೆಗೆ ಅದರ ಪಟ್ಟಿ,
ಸೊಂಟದಲ್ಲಿ ಪುಸ್ತಕ, ತುದಿ ಕಚ್ಚಿದ ಪೆನ್ಸಿಲ್ಲು.
ನಲವತ್ತೊಂದು ಮನೆ.
ಚರ್ಚಿನ ಅಕ್ಕಿ ಎತ್ತುವವಳು ನಾನು, ಹನ್ನೆರಡು ವರ್ಷದಿಂದ.

ಕಟ್ಟಳೆ ಸಣ್ಣದು.
ಎಸರಿಗೆ ಹಾಕುವ ಮೊದಲು, ತೊಳೆಯುವುದಕ್ಕೂ ಮೊದಲು
ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುವುದು.
ಬೆಳಿಗ್ಗೆ ಒಂದು, ಸಂಜೆ ಒಂದು.
ಬುಹ್‌ಫಾಯ್ ಥಮ್ ಎನ್ನುತ್ತೇವೆ. ಅದು ದೇವರದು.
ಎಷ್ಟು ದೊಡ್ಡ ಕೈಯ ಹಿಡಿ ಎಂದು
ಯಾರೂ ಎಲ್ಲೂ ಬರೆದಿಟ್ಟಿಲ್ಲ.

ಬರೆಯದಿದ್ದರೂ ತಿಳಿಯುತ್ತದೆ.
ಕಾಪ್ಮಾವಿ ಅಜ್ಜಿಯ ಡಬ್ಬಿಯಲ್ಲಿ ನುಚ್ಚೇ ಹೆಚ್ಚು,
ದೇವರಿಗೂ ಹಲ್ಲು ಬಿದ್ದಿವೆ ಅಂದುಕೊಂಡಿದ್ದಾಳೇನೋ.
ಅಂಗಡಿ ಮನೆಯದು ಬೆಳ್ಳಗೆ ಹೊಳೆಯುವ ಅಕ್ಕಿ,
ಡಬ್ಬಿ ಮಾತ್ರ ಯಾವತ್ತೂ ಮುಕ್ಕಾಲು.
ಹೊಸದಾಗಿ ಮದುವೆಯಾದವರ ಬಿದಿರ ಅಟ್ಟದ ಕೆಳಗೆ
ನನ್ನ ಹೆಜ್ಜೆ ಸದ್ದಾದರೆ ಸಾಕು,
ಒಳಗೆ ಗಡಿಬಿಡಿ, ಮುಚ್ಚಳ ಬಿದ್ದದ್ದು,
ಸರ್ರನೆ ಸುರಿದದ್ದು.
ನಾನು ಕೆಮ್ಮಿ, ಹಂದಿಗೂಡಿನ ಬಳಿ ಸ್ವಲ್ಪ ನಿಲ್ಲುತ್ತೇನೆ.
ಭಕ್ತಿಗೂ ಎರಡು ನಿಮಿಷ ಕೊಡಬೇಕಲ್ಲ.

ಬಿದಿರು ಹೂ ಬಿಟ್ಟ ವರ್ಷದ ಮಾತು, ಅಜ್ಜಿ ಹೇಳಿದ್ದು.
ಇಲಿಗಳು ಒಂದೇ ರಾತ್ರಿಗೆ ಗುಡ್ಡದ ಹೊಲ ನುಂಗಿ
ಟಿಯಾವು ಹೊಳೆ ಈಜಿ ಬರ್ಮಾಕ್ಕೆ ಹೋದವಂತೆ.
ಆ ವಾರ ಡಬ್ಬಿಯಲ್ಲಿ ಅವಳು ಇಟ್ಟದ್ದು
ಕಾಡುಗೆಣಸಿನ ಒಣ ಚೂರು, ಒಂದು ಹಿಡಿ.
ಎತ್ತುವವರು ಎತ್ತಿದರು, ತೂಗುವವರು ತೂಗಿದರು,
ಪುಸ್ತಕದಲ್ಲಿ ಅಕ್ಕಿ ಎಂದೇ ಬರೆದರು.

ಈ ಶನಿವಾರ
ನೀರಿನ ತೊಟ್ಟಿ ದಾಟಿ ಸಿಗುವ ಕೊನೇ ಮನೆಗೆ
ಹೋಗಬೇಡ ಎಂದಿದ್ದರು ಹಿರಿಯ ದೆಂಗ್ಛುಂಗ.
ಮೂರು ವಾರದ ಹಿಂದೆ ಹುಡುಗರು ಅಲ್ಲಿಯವಳಿಗೆ ಗುಂಡಿ ತೋಡಿದರು.
ಮೂರು ರಾತ್ರಿ ಆ ಜಗಲಿಯಲ್ಲಿ ಡೋಲು ಬಡಿದು ಹಾಡಿದೆವು,
ನನ್ನ ಗಂಟಲು ಇನ್ನೂ ಸರಿಯಾಗಿಲ್ಲ.
ಗಂಡ ಗುಡ್ಡದ ಹೊಲದಲ್ಲಿ. ಮನೆಯಲ್ಲಿ ಮಗಳು ಜೋನುನ್ಸಾಂಗಿ,
ಒಂಬತ್ತು ವರ್ಷ, ಮತ್ತೊಂದು ಬೆಕ್ಕು.

ತಲೆ ತಗ್ಗಿಸಿ ದಾಟಿಬಿಟ್ಟಿದ್ದೆ.
ಹಿಂದಿನಿಂದ ಬರಿಗಾಲ ಓಟ.
'ನಮ್ಮದು ಬಿಟ್ಟಿರಿ.'
ಹಾಲಿನ ಪುಡಿಯ ಹಳೇ ಡಬ್ಬಿ.
ಹದಿನಾಲ್ಕು ಹಿಡಿ ಇರಬೇಕಾದಲ್ಲಿ
ಹದಿನಾಲ್ಕೂ ಇದ್ದವು,
ತಳದಿಂದ ಮೂರು ಬೆರಳಿನಷ್ಟು ಎತ್ತರಕ್ಕೆ.

'ಅಮ್ಮನ ಹಿಡಿ ದೊಡ್ಡದು.
ಒಂದರ ಬದಲು ಎರಡು ಹಾಕಬೇಕಾ?'

ಉತ್ತರ ಪುಸ್ತಕದಲ್ಲಿಲ್ಲ. ನಾನಂದೆ,
'ನಿನ್ನ ಕೈಗೆ ಎಷ್ಟು ಹಿಡಿಯುತ್ತೋ ಅಷ್ಟು.'
ಅವಳು ಅಂಗೈ ತಿರುಗಿಸಿ ನೋಡಿಕೊಂಡಳು,
ಅಷ್ಟು ಸಾಲದು ಎಂಬಂತೆ.
ಡಬ್ಬಿ ಕವಿಚಿ ತಳ ತಟ್ಟಿದಳು.
ಅಂಚಿಗೆ ಸಿಕ್ಕ ಒಂದೇ ಒಂದು ಕಾಳನ್ನು
ಉಗುರಿನಿಂದ ಎಬ್ಬಿಸಿ ನನ್ನ ಬುಟ್ಟಿಗೆ ಹಾಕಿ ಹೋದಳು.

ಚರ್ಚಿನ ಹಿಂದಿನ ಕೋಣೆಯಲ್ಲಿ ತಕ್ಕಡಿ.
'ಈ ವಾರ ಕಡಿಮೆ' ಎಂದರು ದೆಂಗ್ಛುಂಗ, ಕನ್ನಡಕದ ಮೇಲಿಂದ.
'ಪೂರ್ತಿ ಇದೆ' ಎಂದೆ.
ಸುಳ್ಳಲ್ಲ. ಆದರೂ ಕಿವಿ ಬಿಸಿಯಾಯಿತು.

ನಾಳೆ ಹೆಂಗಸರ ಸಾಲಿನಲ್ಲಿ
ತಾಯಿಯ ಉದ್ದದ ಪುಆನ್ ಸುತ್ತಿ, ಎರಡು ಪಿನ್ನು ಚುಚ್ಚಿ,
ತಾಯಿ ಕೂರುತ್ತಿದ್ದ ಜಾಗದಲ್ಲೇ ಕೂರುತ್ತಾಳೆ.
ದೊ ರೆ ಮಿ ಎಂದು ಸ್ವರ ಹಿಡಿಯುವಾಗ
ಆ ಮೇಲಿನ ಧ್ವನಿ ಯಾರದು ಎಂದು ಯಾರೂ ತಿರುಗಿ ನೋಡಬಾರದು,
ಅಷ್ಟು ಸಾಕು.

ರಾತ್ರಿ ಒಲೆಯ ಮೇಲೆ ಎಸರು ಕುದಿಯುತ್ತಿದೆ.
ನಲವತ್ತೊಂದು ಬರೆದ ಪುಸ್ತಕ ಮಡಚಿಟ್ಟಿದ್ದೇನೆ.
ನಲವತ್ತೆರಡನೆಯದು ನನ್ನ ಮನೆ.
ಅಕ್ಕಿ ಎತ್ತುವವಳ ಅಕ್ಕಿ ಎತ್ತುವವರು ಯಾರು?
ಇಷ್ಟು ವರ್ಷ ನಾನೇ ಕೊಟ್ಟು ನಾನೇ ಪಡೆದು
ಕಣ್ಣಂದಾಜಿನಲ್ಲಿ ಸರಿ ಎಂದು ಬರೆದದ್ದು.

ಮೂಟೆಗೆ ಕೈ ಹಾಕಿದ್ದೇನೆ.
ಬೆರಳು ಬಿಗಿದರೆ ಇಷ್ಟು ನಿಲ್ಲುತ್ತದೆ,
ಸಡಿಲ ಬಿಟ್ಟರೆ ಇಷ್ಟು.
ಯಾವುದನ್ನು ಹಿಡಿ ಎನ್ನುತ್ತಿದ್ದೆ ನಾನು?

ಎಸರು ಉಕ್ಕುತ್ತಿದೆ.
ಕೈ ಇನ್ನೂ ಅಕ್ಕಿಯೊಳಗೇ ಇದೆ.